ಪದವಿಯಿಲ್ಲದೆ ಹಕ್ಕಿ ವಿಜ್ಞಾನಿಯಾದ ಸಲೀಂ ಅಲಿ: ಇಂದಿನ ಇಂಟರ್ನ್‌ಗಳು ತಿಳಿಯಬೇಕಾದ ಒಂದು ಬದುಕು

ಕೃಷ್ಣರಾಜಪುರದ ತೂಗುಸೇತುವೆ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆಗೆ ಹೊರಟರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತದೆ. ಹೆಬ್ಬಾಳ, ನಾಗವಾರದ ಕಡೆಯಿಂದ ಸರಪಳಿಯಂತೆ ಹರಿದು ಬರುವ ನೀರು ಸೇರುವ ದೊಡ್ಡ ಕೆರೆ ಇದು. ಕೊಳಚೆ, ಒತ್ತುವರಿ, ಕಟ್ಟಡದ ಅವಶೇಷಗಳ ನಡುವೆಯೂ ಇಲ್ಲಿಗೆ ಹೆಜ್ಜಾರ್ಲೆ, ನೀರುಕಾಗೆ, ಕೊಕ್ಕರೆಗಳು ಬರುತ್ತವೆ. ಇಂಥ ಕೆರೆಯ ಅಂಚಿನಿಂದ ಎಷ್ಟು ಮೀಟರ್ ದೂರದವರೆಗೆ ಕಟ್ಟಡ ಕಟ್ಟಬಾರದು? 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು. ನಗರದ ಮಹಾಯೋಜನೆಯಲ್ಲಿದ್ದದ್ದು 30 ಮೀಟರ್. ಕಾನೂನುಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲವೆಂದು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು.

ಹಕ್ಕಿಗಳ ಭವಿಷ್ಯ ಹೀಗೆ ಕಡತಗಳಲ್ಲಿ, ಮೀಟರ್ ಲೆಕ್ಕದಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದಲೇ ಹಕ್ಕಿ ಸಂರಕ್ಷಣೆಯ ಸಂಸ್ಥೆಗಳಲ್ಲಿ ಪರಿಸರ ನೀತಿಯ ಇಂಟರ್ನ್ ಆಗಿ ದುಡಿಯಲು ಇಂದು ಅನೇಕ ವಿದ್ಯಾರ್ಥಿಗಳು ಆಸೆಪಡುತ್ತಾರೆ. ಆದರೆ ಎರಡು ನಂಬಿಕೆಗಳು ಅವರನ್ನು ತಡೆಯುತ್ತವೆ. ಪ್ರಾಣಿಶಾಸ್ತ್ರದ ದೊಡ್ಡ ಪದವಿ ಇಲ್ಲದಿದ್ದರೆ ಈ ದಾರಿ ಮುಚ್ಚಿದೆ ಎಂಬುದು ಮೊದಲನೆಯದು. ಹಕ್ಕಿ ನೋಡುವುದು ಹವ್ಯಾಸ, ನೀತಿ ರೂಪಿಸುವುದು ಬೇರೆಯೇ ಕೆಲಸ ಎಂಬುದು ಎರಡನೆಯದು. ಇವು ಎಷ್ಟು ನಿಜ ಎಂದು ನೋಡಲು ನಾವು ಇಲ್ಲಿ ಒಂದು ಬದುಕನ್ನು ಪರಿಶೀಲಿಸೋಣ. ಅದು ಭಾರತದ ಹಕ್ಕಿ ಮನುಷ್ಯ ಎಂದೇ ಹೆಸರಾದ ಸಲೀಂ ಅಲಿ ಅವರದು.

ಒಂದು ಸತ್ತ ಗುಬ್ಬಿ, ಒಂದು ಪ್ರಶ್ನೆ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವರು. ಒಂದು ವರ್ಷವಾಗಿದ್ದಾಗ ತಂದೆ, ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಮಕ್ಕಳಿಲ್ಲದ ಅತ್ತೆ ಹಮೀದಾ ಬೇಗಂ ಅವರನ್ನು ಸಾಕಿದರು.

ಹುಡುಗನಿಗೆ ಆಟದ ಏರ್‌ಗನ್ ಸಿಕ್ಕಿತ್ತು. ಒಂದು ದಿನ ಗುಬ್ಬಿಯೊಂದನ್ನು ಹೊಡೆದ. ಕೈಗೆತ್ತಿಕೊಂಡು ನೋಡಿದರೆ ಅದರ ಕುತ್ತಿಗೆಯ ಮೇಲೆ ಹಳದಿ ಮಚ್ಚೆ. ಇದು ಮಾಮೂಲಿ ಗುಬ್ಬಿಯಲ್ಲವಲ್ಲ ಎಂದು ಮಾವನನ್ನು ಕೇಳಿದ. ಮಾವನಿಗೂ ಗೊತ್ತಿರಲಿಲ್ಲ. ಅವರು 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಅವರ ಬಳಿಗೆ ಹುಡುಗನನ್ನು ಕಳಿಸಿದರು. ಅದು 1908. ಮಿಲಾರ್ಡ್ ಅದು ಹಳದಿ ಕುತ್ತಿಗೆಯ ಗುಬ್ಬಿ ಎಂದು ಗುರುತಿಸಿ, ಸೊಸೈಟಿಯ ಸಂಗ್ರಹದಲ್ಲಿದ್ದ ಹಕ್ಕಿಗಳ ಮಾದರಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಮಾದರಿಯಾಗಿ ಕಾಪಾಡುವುದನ್ನು ಕಲಿಯಲು ವ್ಯವಸ್ಥೆ ಮಾಡಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಸಲೀಂ ಅಲಿಯ ಮೊದಲ ಇಂಟರ್ನ್‌ಶಿಪ್ ಹನ್ನೆರಡರ ಆಸುಪಾಸಿನಲ್ಲೇ ಶುರುವಾಯಿತು. ದೊಡ್ಡ ಸಂಸ್ಥೆಯ ಮುಖ್ಯಸ್ಥನೊಬ್ಬ ಒಬ್ಬ ಹುಡುಗನ ಪ್ರಶ್ನೆಗೆ ಒಂದಷ್ಟು ಹೊತ್ತು ಕೊಟ್ಟದ್ದರಿಂದ ಇದು ಸಾಧ್ಯವಾಯಿತು.

ಪದವಿ ಇಲ್ಲ, ಕೆಲಸವೂ ಇಲ್ಲ

ಓದಿನಲ್ಲಿ ಸಲೀಂ ಅಲಿ ಮುಂದಿರಲಿಲ್ಲ. ತಲೆನೋವು ಕಾಡುತ್ತಿತ್ತು, ಶಾಲೆ ಆಗಾಗ ತಪ್ಪುತ್ತಿತ್ತು. 1913ರಲ್ಲಿ ಮೆಟ್ರಿಕ್ಯುಲೇಷನ್ ಹೇಗೋ ಪಾಸಾಯಿತು. ಮರುವರ್ಷ ಕುಟುಂಬದ ಟಂಗ್‌ಸ್ಟನ್ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಅವರ ಗಮನ ಸೆಳೆದವು. 1917ರಲ್ಲಿ ಮುಂಬೈಗೆ ಮರಳಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರ ಕಲಿತರು. ಜೊತೆಗೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಅವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರದ ಪಾಠ ಕೇಳಿದರು. 1918ರ ಡಿಸೆಂಬರ್‌ನಲ್ಲಿ ತೆಹ್ಮಿನಾ ಅವರೊಂದಿಗೆ ಮದುವೆಯಾಯಿತು.

ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಪಕ್ಷಿಶಾಸ್ತ್ರಜ್ಞನ ಹುದ್ದೆ ಖಾಲಿಯಿತ್ತು. ಸಲೀಂ ಅಲಿಗೆ ಅದು ಸಿಗಲಿಲ್ಲ. ಕಾರಣ, ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನ ಹೊಸ ವಿಭಾಗದಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಗೈಡ್ ಲೆಕ್ಚರರ್ ಕೆಲಸ ದೊರೆಯಿತು. ಬಂದವರಿಗೆ ಪ್ರಾಣಿಪಕ್ಷಿಗಳ ಮಾದರಿ ತೋರಿಸಿ ವಿವರಿಸುವುದು ಅವರ ಕೆಲಸ. ಎರಡು ವರ್ಷಗಳಲ್ಲೇ ಅವರಿಗೆ ತಮ್ಮ ಕೊರತೆ ಏನೆಂದು ಅರಿವಾಯಿತು: ಹಕ್ಕಿಗಳ ಬಗ್ಗೆ ಒಲವಿದೆ, ಕ್ರಮಬದ್ಧ ತರಬೇತಿ ಇಲ್ಲ.

1928ರಲ್ಲಿ ರಜೆ ಹಾಕಿ ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಮ್ಯೂಸಿಯಂನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಕೈಕೆಳಗೆ ದುಡಿದರು. ಬರ್ಮಾದಿಂದ ಬಂದಿದ್ದ ಹಕ್ಕಿ ಮಾದರಿಗಳನ್ನು ವಿಂಗಡಿಸಿ ಅಧ್ಯಯನ ಮಾಡಿದರು. ಹೆಲಿಗೋಲ್ಯಾಂಡ್ ದ್ವೀಪದ ವೀಕ್ಷಣಾಲಯದಲ್ಲಿ ಹಕ್ಕಿಯ ಕಾಲಿಗೆ ನಂಬರಿನ ಉಂಗುರ ತೊಡಿಸಿ ವಲಸೆಯನ್ನು ಪತ್ತೆ ಹಚ್ಚುವ ವಿಧಾನ ಕಲಿತರು. ಸತ್ತ ಹಕ್ಕಿಗೆ ಹೆಸರಿಟ್ಟರೆ ಸಾಲದು, ಬದುಕಿರುವ ಹಕ್ಕಿ ಏನು ಮಾಡುತ್ತದೆ ಎಂದು ನೋಡಬೇಕು ಎಂಬ ಹೊಸ ದೃಷ್ಟಿ ಯುರೋಪಿನಲ್ಲಿ ಬೆಳೆಯುತ್ತಿದ್ದ ಕಾಲ ಅದು.

1930ರಲ್ಲಿ ಮರಳಿ ಬಂದಾಗ ಹಣದ ಕೊರತೆಯಿಂದ ಅವರ ಹುದ್ದೆಯನ್ನೇ ರದ್ದು ಮಾಡಲಾಗಿತ್ತು. ಕಲಿತದ್ದು ಹೆಚ್ಚಾಗಿತ್ತು, ಕೆಲಸ ಹೋಗಿತ್ತು. ಇಂದಿನ ಅನೇಕ ಇಂಟರ್ನ್‌ಗಳಿಗೆ ಈ ಸ್ಥಿತಿ ಹೊಸದಲ್ಲ.

ಗೀಜಗನ ಗೂಡಿನಲ್ಲಿ ಮಿಣುಕುಹುಳವಿದೆಯೇ?

ಸಂಬಳವಿಲ್ಲದ ದಂಪತಿ ಮುಂಬೈ ಬಿಟ್ಟು ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲತಡಿಯ ಹಳ್ಳಿಗೆ ಹೋದರು. ಅಲ್ಲಿ ಮರವೊಂದರಲ್ಲಿ ಗೀಜಗನ ಹಕ್ಕಿಗಳು ಗೂಡು ಕಟ್ಟಿದ್ದವು. ಸಲೀಂ ಅಲಿ ದಿನಗಟ್ಟಲೆ ಕುಳಿತು ನೋಡಿದರು, ಬರೆದಿಟ್ಟರು.

ನಮ್ಮಲ್ಲಿ ಗೀಜಗನ ಬಗ್ಗೆ ಒಂದು ಹಳೆಯ ನಂಬಿಕೆ ಇದೆ. ಅದು ಗೂಡಿನೊಳಗೆ ಹಸಿಮಣ್ಣು ಮೆತ್ತಿ, ಅದಕ್ಕೆ ಮಿಣುಕುಹುಳ ಅಂಟಿಸಿ ದೀಪ ಹಚ್ಚಿಕೊಳ್ಳುತ್ತದೆ ಎಂದು. ಮಣ್ಣು ಮೆತ್ತುವುದು ನಿಜ. ಮಿಣುಕುಹುಳದ ದೀಪಕ್ಕೆ ಪುರಾವೆಯಿಲ್ಲ.

ಸಲೀಂ ಅಲಿ ಕಂಡ ಸತ್ಯ ಈ ಕಥೆಗಿಂತ ಸ್ವಾರಸ್ಯವಾಗಿದೆ. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಅದರ ಜೊತೆ ಕೂಡಿ ಗಂಡು ಗೂಡನ್ನು ಪೂರ್ತಿ ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಮೇಲೆ ಗಂಡು ಅಲ್ಲೇ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಒಂದರ ನಂತರ ಒಂದರಂತೆ ಸಂಗಾತಿಗಳನ್ನು ಪಡೆಯುವ ಈ ಪದ್ಧತಿಯನ್ನು ವಿವರಿಸಿದ ಪ್ರಬಂಧ 1931ರಲ್ಲಿ ಪ್ರಕಟವಾಗಿ ಸಲೀಂ ಅಲಿಗೆ ಹೆಸರು ತಂದಿತು. ಇದಕ್ಕೆ ಪ್ರಯೋಗಾಲಯ ಬೇಕಾಗಲಿಲ್ಲ. ತಾಳ್ಮೆ, ನೋಟ್‌ಬುಕ್ ಮತ್ತು ಪ್ರತಿ ದಿನವೂ ಒಂದೇ ರೀತಿ ದಾಖಲಿಸುವ ಶಿಸ್ತು ಬೇಕಾದವು.

ಮೈಸೂರು ಸಂಸ್ಥಾನದ ಹಕ್ಕಿ ಗಣತಿ

ನಂತರ ಸಲೀಂ ಅಲಿ ಸೊಸೈಟಿಯ ಮುಂದೆ ಒಂದು ಪ್ರಸ್ತಾಪ ಇಟ್ಟರು. ದೇಶೀ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಯನ್ನು ತಾನು ಸಂಬಳವಿಲ್ಲದೆ ಮಾಡುವೆ, ಓಡಾಟ ಮತ್ತು ಬಿಡಾರದ ಖರ್ಚನ್ನು ಮಾತ್ರ ಸಂಸ್ಥಾನಗಳು ಕೊಡಲಿ ಎಂಬುದು ಅದರ ಸಾರ. ಹೈದರಾಬಾದಿನಿಂದ ಶುರುವಾಗಿ ಕೊಚ್ಚಿ, ತಿರುವಾಂಕೂರು ಮೊದಲಾದ ಕಡೆ ಸಮೀಕ್ಷೆಗಳು ನಡೆದವು. ಹಳ್ಳಿಹಳ್ಳಿ, ಕಾಡುಮೇಡು ಸುತ್ತುವ ಈ ಕೆಲಸದಲ್ಲಿ ತೆಹ್ಮಿನಾ ಅವರ ಜೊತೆಗಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ತಂಗಲು ತಂಗಿದ್ದು ಅಕ್ಕನ ಮನೆ, ಬದುಕಿದ್ದು ಹೆಚ್ಚಾಗಿ ಬಿಡಾರಗಳಲ್ಲಿ.

ಆ ದುಃಖದ ಹೊತ್ತಿನಲ್ಲೇ, 1939–40ರಲ್ಲಿ, ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ನೀರಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಅವರು ಕಂಡರು. 17ನೇ ಶತಮಾನದಲ್ಲಿ ಕಂಠೀರವ ನರಸರಾಜರ ಕಾಲದಲ್ಲಿ ನದಿಗೆ ಕಟ್ಟಿದ ಒಡ್ಡಿನಿಂದ ರೂಪುಗೊಂಡ ನಡುಗಡ್ಡೆಗಳಿವು. ಈ ಜಾಗ ಕಾಪಾಡಬೇಕಾದದ್ದು ಎಂದು ಅವರು ಮೈಸೂರು ಅರಸರಿಗೆ ಮನವರಿಕೆ ಮಾಡಿದರು. 1940ರಲ್ಲೇ ಅದು ಪಕ್ಷಿಧಾಮವೆಂದು ಘೋಷಣೆಯಾಯಿತು. ಅದೇ ಇಂದಿನ ರಂಗನತಿಟ್ಟು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್ಸರ್ ತಾಣವೂ ಆಯಿತು.

ಇಲ್ಲಿ ನಾವು ಗಮನಿಸಬೇಕಾದ ಕ್ರಮ ಇದು. ಮೊದಲು ಸಮೀಕ್ಷೆ, ಆಮೇಲೆ ದಾಖಲೆ, ಅದರ ಆಧಾರದ ಮೇಲೆ ಆಳುವವರಿಗೆ ಮನವಿ, ಕೊನೆಗೆ ಆದೇಶ. ಪರಿಸರ ನೀತಿ ಎಂದು ನಾವು ಇಂದು ಕರೆಯುವುದು ಇದನ್ನೇ. ಹಕ್ಕಿ ನೋಡುವುದು ಬೇರೆ, ನೀತಿ ಬೇರೆ ಎಂಬ ನಂಬಿಕೆ ರಂಗನತಿಟ್ಟಿನಲ್ಲೇ ಬಿದ್ದುಹೋಗುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಆ ಕಾಲದ ಪದ್ಧತಿಯಂತೆ ಸಲೀಂ ಅಲಿ ಸಮೀಕ್ಷೆಗಾಗಿ ಬಂದೂಕಿನಿಂದ ಹಕ್ಕಿಗಳನ್ನು ಹೊಡೆದು ಮಾದರಿ ಸಂಗ್ರಹಿಸುತ್ತಿದ್ದರು. ವೈಜ್ಞಾನಿಕ ಸಂಗ್ರಹವಿಲ್ಲದೆ ಜಾತಿ ಗುರುತಿಸಲಾಗದು ಎಂಬುದು ಅವರ ನಿಲುವು. ಇಂದು ಕ್ಯಾಮೆರಾ, ಧ್ವನಿಮುದ್ರಣ ಮತ್ತು ಮೃದುವಾದ ಬಲೆಗಳು ಆ ಕೆಲಸದ ಬಹುಭಾಗವನ್ನು ಮಾಡುತ್ತವೆ.

ಸೆರೆಮನೆಗೆ ಹೋದ ಪುಸ್ತಕ

1941ರಲ್ಲಿ ಅವರ ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್ ಹೊರಬಂತು. ಸಾಮಾನ್ಯ ಓದುಗನೂ ಬಣ್ಣದ ಚಿತ್ರ ನೋಡಿ ಹಕ್ಕಿ ಗುರುತಿಸಬಹುದಾದ ಪುಸ್ತಕ. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಯಲ್ಲಿದ್ದ ಜವಾಹರಲಾಲ್ ನೆಹರೂ ಇದನ್ನು, ತಾವೂ ಸೆರೆಯಲ್ಲಿದ್ದ ಮಗಳು ಇಂದಿರಾಗೆ ಕಳಿಸಿದರು. ಮುಂದೆ ಇಬ್ಬರೂ ಪ್ರಧಾನಿಗಳಾದರು. ಹಕ್ಕಿಗಳ ಪರವಾಗಿ ದಿಲ್ಲಿಯ ಬಾಗಿಲು ತಟ್ಟಿದಾಗ ಸಲೀಂ ಅಲಿಗೆ ಒಳಗೆ ಪ್ರವೇಶ ಸಿಗಲು ಈ ಪರಿಚಯ ನೆರವಾಯಿತು. ಸ್ವಾತಂತ್ರ್ಯದ ನಂತರ ಹಣವಿಲ್ಲದೆ ಕುಸಿಯುತ್ತಿದ್ದ ಸೊಸೈಟಿಗೆ ನೆಹರೂ ಅವರಿಂದ ನೆರವು ಕೊಡಿಸಿದ್ದೂ ಅವರೇ.

ವಲಸೆ ಹಕ್ಕಿಗಳೇ ಮಂಗನ ಕಾಯಿಲೆ ತಂದವೇ?

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಿಗೆ ಹೋಗಿಬಂದ ಜನರಿಗೂ ತೀವ್ರ ಜ್ವರ ಬಂತು. ಕಾರಣವಾದ ವೈರಸ್ಸು ರಷ್ಯಾದ ಕಡೆ ಕಂಡುಬರುವ ಉಣುಗಿನ ರೋಗದ ವೈರಸ್ಸಿಗೆ ಹತ್ತಿರದ್ದೆಂದು ತಿಳಿಯಿತು. ಆಗ ಒಂದು ಅನುಮಾನ ಹುಟ್ಟಿತು: ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳು ಸೋಂಕಿತ ಉಣುಗುಗಳನ್ನು ಹೊತ್ತು ತಂದವೇ?

ಅನುಮಾನಕ್ಕೆ ಉತ್ತರ ಬೇಕಾದರೆ ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು. ಬರ್ಲಿನ್ ದಿನಗಳಲ್ಲಿ ಕಲಿತ ಉಂಗುರ ತೊಡಿಸುವ ವಿದ್ಯೆ ಈಗ ಕೆಲಸಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿ 1959ರಲ್ಲಿ ಹಕ್ಕಿ ವಲಸೆಯ ದೊಡ್ಡ ಅಧ್ಯಯನ ಆರಂಭಿಸಿತು. ಸಾವಿರಾರು ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಪರೀಕ್ಷಿಸಿ ಬಿಡಲಾಯಿತು. ಮಧ್ಯ ಏಷ್ಯಾ ಮತ್ತು ಸೈಬೀರಿಯಾ ಕಡೆಗಿನ ವಲಸೆ ದಾರಿಗಳ ಬಗ್ಗೆ ಅಮೂಲ್ಯ ಮಾಹಿತಿ ದೊರೆಯಿತು. ಹಕ್ಕಿಗಳೇ ಸೈಬೀರಿಯಾದಿಂದ ರೋಗ ಹೊತ್ತು ತಂದವು ಎನ್ನುವುದಕ್ಕೆ ಮಾತ್ರ ಪುರಾವೆ ದೊರೆಯಲಿಲ್ಲ. ವೈರಸ್ಸು ಇಲ್ಲಿನ ಕಾಡಿನ ಉಣುಗುಗಳಲ್ಲಿ ಮತ್ತು ಸಣ್ಣ ಪ್ರಾಣಿಗಳಲ್ಲಿ ನೆಲೆಸಿದೆ. ಸೋಂಕಿತ ಮಂಗ ಸತ್ತ ಜಾಗದಲ್ಲಿ ಉಣುಗುಗಳ ಅಪಾಯ ಹೆಚ್ಚು. ಆದ್ದರಿಂದ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ವಲಸೆ ಹಕ್ಕಿಗಳನ್ನು ಓಡಿಸುವುದರಿಂದ ಮಂಗನ ಕಾಯಿಲೆ ನಿಲ್ಲುವುದಿಲ್ಲ.

ಈ ಅಧ್ಯಯನಕ್ಕೆ ಮುಂದೆ ಅಮೆರಿಕದ ಸೇನೆಗೆ ಸೇರಿದ ಮೂಲದಿಂದಲೂ ಹಣ ಬಂತು. ಇದು ಜೈವಿಕ ಯುದ್ಧದ ತಯಾರಿಯೇ ಎಂಬ ಗುಮಾನಿ ಪತ್ರಿಕೆಗಳಲ್ಲಿ, ಸಂಸತ್ತಿನ ಮಟ್ಟದಲ್ಲಿ ಎದ್ದಿತು. ಸಂಶೋಧನೆಯ ಹಣ ಎಲ್ಲಿಂದ ಬರುತ್ತದೆ ಎಂದು ಕೇಳುವುದು ನೀತಿಯ ಕೆಲಸ ಮಾಡುವವರೆಲ್ಲರ ಹೊಣೆ ಎಂಬ ಪಾಠ ಇಲ್ಲಿದೆ.

ಭರತಪುರದ ಎಮ್ಮೆಗಳು

ಸಲೀಂ ಅಲಿಯ ನೀತಿಯ ಬದುಕಿನಲ್ಲಿ ಅತಿ ದೊಡ್ಡ ಗೆಲುವು ಮತ್ತು ಅತಿ ಕಹಿಯಾದ ಪಾಠ ಒಂದೇ ಜಾಗದಲ್ಲಿವೆ. ಅದು ರಾಜಸ್ಥಾನದ ಭರತಪುರದ ಕೇವಲಾದೇವ್ ಜೌಗುಪ್ರದೇಶ. ಅದು ಮಹಾರಾಜರ ಬಾತುಕೋಳಿ ಬೇಟೆಯ ತಾಣವಾಗಿತ್ತು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್ಗೊ ಬಂದಾಗ ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಹೊಡೆಯಲಾಗಿತ್ತು. ಸ್ವಾತಂತ್ರ್ಯದ ನಂತರ ಜೌಗನ್ನು ಬತ್ತಿಸಿ ಹೊಲ ಮಾಡಬೇಕೆಂಬ ಒತ್ತಾಯ ಬಂತು. ಸಲೀಂ ಅಲಿ ನೆಹರೂ ಅವರ ಬಳಿ ವಾದಿಸಿ ಅದನ್ನು ಉಳಿಸಿಕೊಂಡರು. ಅದು 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1985ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು.

ಆದರೆ ಸುತ್ತಲಿನ ಹಳ್ಳಿಯವರು ತಲೆಮಾರುಗಳಿಂದ ಅಲ್ಲಿ ಎಮ್ಮೆ ಮೇಯಿಸುತ್ತಿದ್ದರು. ಎಮ್ಮೆಗಳು ಹಕ್ಕಿಗಳ ನೆಲೆಯನ್ನು ಹಾಳುಮಾಡುತ್ತವೆ ಎಂದು ಸಲೀಂ ಅಲಿ ಸೇರಿದಂತೆ ಸಂರಕ್ಷಣಾವಾದಿಗಳು ನಂಬಿದ್ದರು. 1982ರಲ್ಲಿ ಮೇಯಿಸುವುದನ್ನು ಒಮ್ಮೆಗೇ ನಿಷೇಧಿಸಲಾಯಿತು. ಪ್ರತಿಭಟನೆ ನಡೆಯಿತು, ಪೊಲೀಸರ ಗುಂಡಿಗೆ ಹಳ್ಳಿಗರು ಸತ್ತರು.

ಮುಂದೆ ಬಂದ ಉತ್ತರ ಎಲ್ಲರನ್ನೂ ಬೆಚ್ಚಿಸಿತು. ಅದೇ ಸೊಸೈಟಿಯ ವಿಜ್ಞಾನಿಗಳು ಸುಮಾರು ಒಂದು ದಶಕ ಅಲ್ಲಿ ಅಧ್ಯಯನ ಮಾಡಿದರು. ಎಮ್ಮೆಗಳಿಲ್ಲದೆ ನೀರಿನಲ್ಲಿ ಪಾಸ್ಪಲಂ ಎಂಬ ಹುಲ್ಲು ಮಿತಿಮೀರಿ ಬೆಳೆದು, ತೆರೆದ ನೀರು ಮುಚ್ಚಿ, ಬಾತುಗಳಿಗೆ ಜಾಗ ಕಡಿಮೆಯಾಗಿತ್ತು. ಹಕ್ಕಿಗಳಿಗೆ ಶತ್ರುವೆಂದು ತಿಳಿದಿದ್ದ ಎಮ್ಮೆ ಅವುಗಳ ಕೊಳವನ್ನು ಸ್ವಚ್ಛವಾಗಿಡುತ್ತಿತ್ತು. ತಮ್ಮ ಸಂಸ್ಥೆಯ ಹಿರಿಯರ ನಂಬಿಕೆಗೆ ವಿರುದ್ಧವಾದ ಫಲಿತಾಂಶವನ್ನು ಆ ವಿಜ್ಞಾನಿಗಳು ಮುಚ್ಚಿಡದೆ ವರದಿ ಮಾಡಿದರು. ಎಣಿಸಿ ನೋಡು ಎಂಬ ಶಿಸ್ತನ್ನು ಕಲಿಸಿದ್ದವರು ಸಲೀಂ ಅಲಿಯೇ. ಅದೇ ಶಿಸ್ತು ಅವರ ನಿಲುವನ್ನೂ ತಿದ್ದಿತು. ಆದರೆ ಸತ್ತವರು ಮರಳಿ ಬರಲಿಲ್ಲ. ನೀತಿ ಮೊದಲು, ಅಧ್ಯಯನ ಆಮೇಲೆ ಎಂದಾದಾಗ ಅದರ ಬೆಲೆಯನ್ನು ಕೊಟ್ಟವರು ಬಡವರು.

ಎರೆಭೂತ, ನವಿಲು ಮತ್ತು ಕೊನೆಯ ವರ್ಷಗಳು

ರಾಷ್ಟ್ರಪಕ್ಷಿಯ ಆಯ್ಕೆಯ ಚರ್ಚೆಯಲ್ಲಿ ಸಲೀಂ ಅಲಿ ಎರೆಭೂತ ಹಕ್ಕಿಯ ಪರವಾಗಿದ್ದರು. ಅಳಿವಿನಂಚಿನ ಹಕ್ಕಿಗೆ ಆ ಗೌರವ ಸಿಕ್ಕರೆ ರಕ್ಷಣೆಯೂ ಸಿಗುತ್ತದೆ ಎಂಬುದು ಅವರ ಲೆಕ್ಕ. 1963ರಲ್ಲಿ ಎಲ್ಲೆಡೆ ಪರಿಚಿತವಾದ ನವಿಲು ಆಯ್ಕೆಯಾಯಿತು. ಇಂದು ದೇಶದಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತಕ್ಕೂ ಕಡಿಮೆ. ನಮ್ಮ ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಸಿಡ್ನಿ ಡಿಲನ್ ರಿಪ್ಲಿ ಅವರೊಂದಿಗೆ ಬರೆದ ಹತ್ತು ಸಂಪುಟಗಳ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಕೈಪಿಡಿ 1968ರಿಂದ 1974ರವರೆಗೆ ಹೊರಬಂತು. ಕೇರಳದ ಸೈಲೆಂಟ್ ವ್ಯಾಲಿಯನ್ನು ಅಣೆಕಟ್ಟಿನಿಂದ ಉಳಿಸುವ ಕೂಗಿಗೂ ಅವರು ದನಿಗೂಡಿಸಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಬಂದವು. ಅಂತರರಾಷ್ಟ್ರೀಯ ಪ್ರಶಸ್ತಿಯ ದೊಡ್ಡ ಮೊತ್ತವನ್ನು ಸೊಸೈಟಿಯ ಸಂರಕ್ಷಣಾ ನಿಧಿಗೆ ಕೊಟ್ಟರು. ಪದವಿಯಿಲ್ಲವೆಂದು ಕೆಲಸ ಸಿಗದಿದ್ದವರಿಗೆ ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ನೀಡಿದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು, ತೊಂಬತ್ತರ ಹರೆಯದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 1990ರಲ್ಲಿ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ ಆರಂಭವಾಯಿತು.

ಹಾಗಾದರೆ ಇಂದು ಇಂಟರ್ನ್ ಆಗುವವರು ಏನು ಮಾಡಬೇಕು?

ಮೊದಲ ನಂಬಿಕೆಗೆ ಉತ್ತರ: ಪದವಿ ನೆರವಾಗುತ್ತದೆ, ಅದೊಂದೇ ಬಾಗಿಲಲ್ಲ. ಸಲೀಂ ಅಲಿ ಕಲಿತದ್ದರಲ್ಲಿ ಲೆಕ್ಕಪತ್ರ ಮತ್ತು ವಾಣಿಜ್ಯ ಕಾನೂನೂ ಇದ್ದವು. ಇಂದಿನ ನೀತಿಯ ಕೆಲಸಕ್ಕೂ ಕಾನೂನು, ಅಂಕಿಅಂಶ, ನಕ್ಷೆ, ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವ ಶಕ್ತಿ ಎಲ್ಲವೂ ಬೇಕು. ಆದರೆ ಒಂದು ಎಚ್ಚರ. ಸಂಬಳವಿಲ್ಲದೆ ದುಡಿಯಲು ಸಲೀಂ ಅಲಿಗೆ ಕುಟುಂಬದ ಆಸರೆಯಿತ್ತು. ಎಲ್ಲರಿಗೂ ಅದು ಇರುವುದಿಲ್ಲ. ಸಂಭಾವನೆ ಕೇಳುವುದು ತಪ್ಪಲ್ಲ, ಕೊಡುವುದು ಸಂಸ್ಥೆಗಳ ಕರ್ತವ್ಯ.

ಎರಡನೆಯ ನಂಬಿಕೆಗೆ ಉತ್ತರ: ನೋಡಿದ್ದನ್ನು ದಾಖಲಿಸಿದಾಗ ಹವ್ಯಾಸವೇ ಪುರಾವೆಯಾಗುತ್ತದೆ. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಸುಮಾರು 30,000 ಹಕ್ಕಿ ವೀಕ್ಷಕರ ದಾಖಲೆಗಳನ್ನು ಆಧರಿಸಿದೆ. ಅದು 942 ಜಾತಿಗಳನ್ನು ಪರಿಶೀಲಿಸಿ, 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಗುರುತಿಸಿದೆ.

ಕೃಷ್ಣರಾಜಪುರದ ವೆಂಗಯ್ಯನ ಕೆರೆಯಲ್ಲೋ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಲ್ಲೋ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿನಲ್ಲಿ ಎಣಿಸಿ, ದಿನಾಂಕ ಸಹಿತ ಬರೆದಿಡುವುದು ಯಾರಿಗೂ ಸಾಧ್ಯ. ಜೊತೆಗೆ 2017ರ ಜೌಗುಪ್ರದೇಶ ನಿಯಮಗಳನ್ನು ಒಮ್ಮೆ ಓದಿಕೊಳ್ಳಬೇಕು. ಕರಡು ಅಧಿಸೂಚನೆಗೆ ಆಕ್ಷೇಪಣೆ ಸಲ್ಲಿಸುವ ಗಡುವು ಎಂದು ಎಂಬುದನ್ನು ಗಮನಿಸಬೇಕು. ಭರತಪುರವನ್ನು ನೆನೆದು, ಕೆರೆಯಲ್ಲಿ ಮೀನು ಹಿಡಿಯುವವರನ್ನು, ದಡದಲ್ಲಿ ಮೇವು ಕೊಯ್ಯುವವರನ್ನು ಮಾತಾಡಿಸಬೇಕು. ಅವರಿಗೆ ಗೊತ್ತಿರುವ ಕೆರೆ ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ.

ಕೆರೆಯ ಸುತ್ತ 75 ಮೀಟರ್ ಬೇಕೋ 30 ಸಾಕೋ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಆಗ ಸರ್ಕಾರವೋ ನ್ಯಾಯಾಲಯವೋ ಕೇಳುವುದು ಇಲ್ಲಿ ಯಾವ ಹಕ್ಕಿ, ಎಷ್ಟು, ಯಾವ ತಿಂಗಳಲ್ಲಿ ಎಂದು. ಹತ್ತು ವರ್ಷದ ಎಣಿಕೆ ಕೈಯಲ್ಲಿದ್ದವರ ಮಾತಿಗೆ ಅಲ್ಲಿ ತೂಕವಿರುತ್ತದೆ.